ಮಕ್ಕಳ ಗೇರ್ ಸೈಕಲ್ಲು: ಹಿಂಬದಿಯ ಯಂತ್ರದ ಜೋಡಣೆ

ಪ್ರೌಢಶಾಲೆಗೆ ಕಾಲಿಟ್ಟ ಮಗನಿಗೋ ಮಗಳಿಗೋ ಸೈಕಲ್ಲು ಕೊಡಿಸುವ ಮಾತು ಮನೆಯಲ್ಲಿ ಬಂದಾಗ, ಇಂದು ಮೊದಲು ಕೇಳಿಬರುವ ಬೇಡಿಕೆ 'ಗೇರ್ ಇರುವುದೇ ಬೇಕು' ಎಂಬುದು. ತಂದೆತಾಯಿಗಳು ಒಂದಿಷ್ಟು ಹಣ ಹೆಚ್ಚಾದರೂ ಚಿಂತೆಯಿಲ್ಲವೆಂದು ಕೊಡಿಸುತ್ತಾರೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಆ ಸೈಕಲ್ಲಿನ ಏಳು ಗೇರುಗಳ ಪೈಕಿ ಎರಡೋ ಮೂರೋ ಮಾತ್ರ ಮಾತು ಕೇಳುತ್ತವೆ. ಉಳಿದವುಗಳಿಗೆ ಹೋದರೆ ಕಟಕಟ ಸದ್ದು, ಸರಪಳಿ ಜಾರುವಿಕೆ. ಕಡೆಗೆ ಮಗು ಯಾವುದೋ ಒಂದು ನಡುವಿನ ಗೇರಿನಲ್ಲಿ ಸೈಕಲ್ಲನ್ನು ನಿಲ್ಲಿಸಿಕೊಂಡು ಏರನ್ನೂ ಇಳಿಜಾರನ್ನೂ ಅದರಲ್ಲೇ ದಾಟಿಸುತ್ತದೆ. ಅಂಗಡಿಯಲ್ಲಿ ವಿಚಾರಿಸಿದರೆ 'ಗೇರ್ ಸೈಕಲ್ಲೆಂದರೆ ಹೀಗೆಯೇ' ಎಂಬ ಸಮಾಧಾನದ ಮಾತು ದೊರೆಯುತ್ತದೆ. ನಾವು ಈ ಮಾತನ್ನು ಒಪ್ಪುವುದಿಲ್ಲ. ಹತ್ತರಲ್ಲಿ ಎಂಟು ಸಲ ದೋಷವಿರುವುದು ಯಂತ್ರದಲ್ಲಲ್ಲ, ಅದನ್ನು ಜೋಡಿಸಿ ಹೊಂದಿಸಿದ ಕ್ರಮದಲ್ಲಿ ಎಂಬುದು ನಮ್ಮ ಅನುಭವ.

ಶಾಸ್ತ್ರಪಾಠದಲ್ಲಿ ಬೆಳೆದವರಿಗೂ ಸೈಕಲ್ಲಿನ ಗೇರಿಗೂ ಏನು ಸಂಬಂಧವೆಂದು ಓದುಗ ಬಂಧುಗಳು ಕೇಳಬಹುದು. ಮಠದ ಪ್ರಸಾದನಿಲಯದ ಮೇಲ್ವಿಚಾರಣೆ ಹಲವು ವರ್ಷ ನಮ್ಮ ಪಾಲಿಗೆ ಬಂದಿತ್ತು. ಅಲ್ಲಿನ ಅಂಗಳದಲ್ಲಿ ಹುಡುಗರ ಸೈಕಲ್ಲುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಪಂಕ್ಚರ್ ತಿದ್ದಲೆಂದು ಬರುತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿಯ ಬದಿಯಲ್ಲಿ ಕುಳಿತು ಈ ವಿದ್ಯೆಯನ್ನು ನಾವು ಕಲಿತೆವು. ಆ ಮೇಸ್ತ್ರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಹಿಂದಿನ ಗಾಲಿಯನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟರೆ ಯಾವ ತಿರುಪು ಎಷ್ಟು ತಪ್ಪಿದೆಯೆಂಬುದನ್ನು ಹೇಳಬಲ್ಲವರಾಗಿದ್ದರು.

ಹಿಂದಿನ ಗಾಲಿಯ ಬಳಿ ತೂಗಾಡುವ ಈ ಯಂತ್ರಕ್ಕೆ 'ಡಿರೇಲರ್' ಎಂದು ಹೆಸರು. ಪದ ಫ್ರೆಂಚ್ ಭಾಷೆಯದು. ರೈಲು ಹಳಿ ತಪ್ಪುವುದಕ್ಕೆ ಆ ಭಾಷೆಯಲ್ಲಿ ಬಳಸುವ ಕ್ರಿಯಾಪದದಿಂದಲೇ ಇದು ಹುಟ್ಟಿದೆ. ಹಳಿ ತಪ್ಪಿಸುವುದೇ ಇದರ ಕಾಯಕವೆಂದರೆ ಕೇಳುವವರಿಗೆ ವಿನೋದವೆನಿಸೀತು. ಆದರೆ ಯಂತ್ರದ ಸ್ವರೂಪವೆಲ್ಲ ಈ ಒಂದು ಪದದಲ್ಲಿದೆ. ಒಂದು ಹಲ್ಲುಗಾಲಿಯ ಮೇಲೆ ನೆಮ್ಮದಿಯಿಂದ ಓಡುತ್ತಿರುವ ಸರಪಳಿಯನ್ನು ಪಕ್ಕಕ್ಕೆ ತಳ್ಳಿ, ಅದರ ಹಳಿ ತಪ್ಪಿಸಿ, ನೆರೆಯ ಹಲ್ಲುಗಾಲಿಯ ಮೇಲೆ ಏರಿಸುವುದು ಅಥವಾ ಇಳಿಸುವುದು ಇದರ ಕೆಲಸ. ಹಳಿ ತಪ್ಪಿಸುವ ಕೆಲಸವಾದುದರಿಂದಲೇ ಎಲ್ಲಿಯವರೆಗೆ ತಪ್ಪಿಸಬೇಕೆಂಬುದಕ್ಕೆ ಕಟ್ಟುನಿಟ್ಟಾದ ಎಲ್ಲೆ ಬೇಕು. ಆ ಎಲ್ಲೆಯನ್ನು ಮೊದಲು ಹಾಕದೆ ತಂತಿಯನ್ನು ಎಳೆದು ಕಟ್ಟುವುದೇ ನಮ್ಮ ಅಂಗಡಿಗಳಲ್ಲಿ ಕಾಣುವ ದೊಡ್ಡ ದೋಷ.

ಯಂತ್ರದ ಹುಟ್ಟಿನ ಕಥೆಯನ್ನು ಎರಡು ಮಾತಿನಲ್ಲಿ ಹೇಳಿ ಮುಂದುವರಿಯೋಣ. ಫ್ರಾನ್ಸಿನ ಸೇಂಟ್ ಎತಿಯೆನ್ ಪಟ್ಟಣದಲ್ಲಿ ಪಾಲ್ ದ ವಿವೀ (1853-1930) ಎಂಬ ಗೃಹಸ್ಥರಿದ್ದರು. 'ವೆಲೋಸಿಯೊ' ಎಂಬುದು ಅವರ ಕಾವ್ಯನಾಮ. ಸೈಕಲ್ಲಿಗೆಂದೇ ಒಂದು ಪತ್ರಿಕೆಯನ್ನು ನಡೆಸಿದ ಇವರು, ಗುಡ್ಡಗಾಡಿನ ಸವಾರನಿಗೆ ಒಂದಕ್ಕಿಂತ ಹೆಚ್ಚು ಗೇರುಗಳು ಬೇಕೇ ಬೇಕೆಂದು ಜೀವಮಾನವೆಲ್ಲ ವಾದಿಸಿದರು. ಅದಕ್ಕೆ ಪ್ರತಿಯಾಗಿ, ಟೂರ್ ದ ಫ್ರಾನ್ಸ್ ಸ್ಪರ್ಧೆಯನ್ನು ಸ್ಥಾಪಿಸಿದ ಆನ್ರಿ ದೆಗ್ರಾಂಜ್ ಅವರ ಅಭಿಪ್ರಾಯ ಬೇರೆಯೇ ಆಗಿತ್ತು. ಗೇರು ಬದಲಿಸುವ ಸೌಕರ್ಯ ನಲವತ್ತೈದು ದಾಟಿದವರಿಗೆ ತಕ್ಕದ್ದೇ ಹೊರತು ನಿಜವಾದ ಸ್ಪರ್ಧಾಳುಗಳಿಗಲ್ಲವೆಂಬುದು ಅವರ ನಿಲುವು. (ಆ ಗಡಿಯನ್ನು ದಾಟಿ ಎರಡು ದಶಕಗಳಾಗುತ್ತ ಬಂದ ನಮ್ಮಂಥವರು ಇದನ್ನು ಅನುಮತಿಪತ್ರವೆಂದೇ ಭಾವಿಸಬಹುದು!) ಹೀಗಾಗಿ ಆ ಸ್ಪರ್ಧೆಯಲ್ಲಿ ಡಿರೇಲರಿಗೆ ಅವಕಾಶ ದೊರೆತದ್ದು 1937ರಲ್ಲಿ. ಅದಕ್ಕೆ ಮೊದಲು ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಗಾಲಿಯನ್ನು ಬಿಚ್ಚಿ, ಎಡಬಲ ತಿರುವಿ ಹಾಕಿಕೊಂಡು ಬೇರೊಂದು ಹಲ್ಲುಗಾಲಿಯನ್ನು ಬಳಸುತ್ತಿದ್ದರು. ಮುಂದೆ ಇಟಲಿಯ ಕಾಂಪಾನ್ಯೋಲೊ, ಜಪಾನಿನ ಸನ್‌ಟೂರ್ ಮೊದಲಾದವರ ಕೈಯಲ್ಲಿ ಯಂತ್ರ ಹದಗೊಂಡಿತು. 1984ರಲ್ಲಿ ಜಪಾನಿನ ಶಿಮಾನೊ ಕಂಪನಿಯು ಸನ್ನೆಯನ್ನು ಒತ್ತಿದೊಡನೆ 'ಟಿಕ್' ಎಂದು ಒಂದೊಂದೇ ಗೇರು ಬೀಳುವ ವ್ಯವಸ್ಥೆಯನ್ನು ಹೊರತಂದಿತು. ಇಂದು ನಮ್ಮ ಮಕ್ಕಳ ಸೈಕಲ್ಲಿನಲ್ಲಿ ಇರುವುದು ಇದೇ ಬಗೆಯದು. ಹೆಚ್ಚಾಗಿ ಅದೇ ಕಂಪನಿಯ ಟೂರ್ನಿ ಎಂಬ ಅಗ್ಗದ ಮಾದರಿ.

ಗೇರಿನಿಂದ ಆಗುವ ಲಾಭವೇನೆಂಬುದನ್ನು ಲೆಕ್ಕದಲ್ಲಿ ನೋಡಬಹುದು. ಹಳೆಯ ಎತ್ತರದ ಸೈಕಲ್ಲಿನಲ್ಲಿ ಮುಂದೆ 44, ಹಿಂದೆ 18 ಹಲ್ಲುಗಳಿದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಸಾಗುತ್ತದೆ. ಸಮತಲದಲ್ಲಿ ಇದು ಸೊಗಸು. ಏರಿನಲ್ಲಿ ಇಳಿದು ನೂಕುವುದೇ ಗತಿ. 26 ಇಂಚಿನ ಗಾಲಿಯ ಗೇರ್ ಸೈಕಲ್ಲಿನಲ್ಲಿ ಮುಂದಿನ 34 ಹಲ್ಲುಗಳ ಗಾಲಿಗೆ ಹಿಂದಿನ 14 ಹಲ್ಲುಗಳ ಚಿಕ್ಕ ಗಾಲಿಯನ್ನು ಸೇರಿಸಿದರೆ ಒಂದು ಸುತ್ತಿಗೆ ಐದು ಮೀಟರ್. 28 ಹಲ್ಲುಗಳ ದೊಡ್ಡ ಗಾಲಿಗೆ ಸೇರಿಸಿದರೆ ಅದರ ಅರ್ಧ, ಎರಡೂವರೆ ಮೀಟರ್. ಅರ್ಧ ದೂರಕ್ಕೆ ಅರ್ಧವೇ ಬಲ ಸಾಕು. ಬೆನ್ನಿಗೆ ಪುಸ್ತಕದ ಚೀಲ ಹೊತ್ತ ಹನ್ನೆರಡರ ಹುಡುಗಿ ಊರ ಹೊರಗಿನ ಏರನ್ನು ಕುಳಿತೇ ಹತ್ತಬಹುದು. ಆ ದೊಡ್ಡ ಹಲ್ಲುಗಾಲಿಯೇ ಬೀಳದಿದ್ದರೆ ಗೇರ್ ಸೈಕಲ್ಲು ಕೊಂಡ ಪ್ರಯೋಜನವೇನು?

ಬೀಳದಿರುವುದು ಒಂದು ತೊಂದರೆ. ಅತಿಯಾಗಿ ಬೀಳುವುದು ಅಪಾಯ. ದೊಡ್ಡ ಹಲ್ಲುಗಾಲಿಯ ಆಚೆ ಇರುವುದು ಗಾಲಿಯ ಕಡ್ಡಿಗಳು. ಯಂತ್ರ ಎಲ್ಲೆ ಮೀರಿ ಒಳಕ್ಕೆ ಸರಿದರೆ ಸರಪಳಿ ಹಲ್ಲುಗಾಲಿಗೂ ಕಡ್ಡಿಗಳಿಗೂ ನಡುವೆ ಬಿದ್ದು ಸಿಕ್ಕಿಕೊಳ್ಳುತ್ತದೆ. ಇಲ್ಲವೆ ಯಂತ್ರದ ತೋಳೇ ಕಡ್ಡಿಗಳಿಗೆ ಸಿಕ್ಕಿ ಗಾಲಿ ಗಕ್ಕನೆ ನಿಲ್ಲುತ್ತದೆ. ನಮ್ಮ ಪ್ರಸಾದನಿಲಯದ ಒಬ್ಬ ವಿದ್ಯಾರ್ಥಿಗೆ ಇದೇ ಆಯಿತು. ಜೋಳದ ಸುಗ್ಗಿ ಮುಗಿದ ಮೇಲೆ ತಂದೆ ಕೊಡಿಸಿದ ಹೊಸ ಸೈಕಲ್ಲು. ಪಟ್ಟಣದ ಒಂದು ಅಂಗಡಿಯಲ್ಲಿ ಸಂಜೆಯ ಅವಸರದಲ್ಲಿ ಜೋಡಿಸಿಕೊಟ್ಟದ್ದು. ವಾರದೊಳಗೆ ಕೆರೆಯ ಏರಿಯನ್ನು ಹತ್ತುವಾಗ ಹುಡುಗ ಕೊನೆಯ ಗೇರಿಗೆ ಹೋದ. 'ಗುರುಗಳ್ರೀ, ಯಾರೋ ಹಿಂದಿನಿಂದ ಹಿಡಿದು ಜಗ್ಗಿದಂಗಾತ್ರಿ' ಎಂದು ಮುಂಗೈಗೆ ಪಟ್ಟಿ ಕಟ್ಟಿಸಿಕೊಂಡು ಬಂದು ಹೇಳಿದ. ನೋಡಿದರೆ ಆರು ಕಡ್ಡಿಗಳು ಮುರಿದಿದ್ದವು, ಯಂತ್ರ ನುಲಿದುಹೋಗಿತ್ತು. ಏರಿನಲ್ಲಿ ವೇಗ ಕಡಿಮೆಯಿದ್ದುದರಿಂದ ಮುಂಗೈಯಷ್ಟಕ್ಕೆ ಮುಗಿಯಿತು. ಹಿಂದೆ ಲಾರಿ ಬರುತ್ತಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆಯುವುದು ಬೇಡ. ಒಂದು ಪುಟ್ಟ ತಿರುಪನ್ನು ಅರ್ಧ ಸುತ್ತು ತಿರುಗಿಸಿದ್ದರೆ ಇದು ಸಂಭವಿಸುತ್ತಿರಲಿಲ್ಲ. ಮನೆಯವರೂ ಈ ಕೆಲಸವನ್ನು ತಿಳಿದಿರಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ.

ಯಂತ್ರದ ಅಂಗಗಳು

ಯಂತ್ರದ ನಡುವೆ ನಾಲ್ಕು ಕೀಲುಗಳ ಒಂದು ಸಮಾಂತರ ಚತುರ್ಭುಜವಿದೆ. ಶಾಲೆಯ ರೇಖಾಗಣಿತದಲ್ಲಿ ಓದಿದ್ದೇ. ಅದು ಒಂದು ಪಕ್ಕಕ್ಕೆ ಮಡಿಚಿಕೊಂಡಾಗ ಎದುರುಬದುರಿನ ಭುಜಗಳು ಸಮಾಂತರವಾಗಿಯೇ ಉಳಿಯುವುದರಿಂದ, ಅದರ ತುದಿಯಲ್ಲಿ ತೂಗುವ ತೋಳು ಓರೆಯಾಗದೆ ನೆಟ್ಟಗೆ ಒಳಕ್ಕೂ ಹೊರಕ್ಕೂ ಸರಿಯುತ್ತದೆ. ಆ ತೋಳಿನಲ್ಲಿ ಎರಡು ಪುಟ್ಟ ರಾಟೆಗಳುಂಟು. ಮೇಲಿನದು ಸರಪಳಿಗೆ ದಾರಿ ತೋರಿಸುತ್ತದೆ. ಕೆಳಗಿನದು ಸಡಿಲಾದ ಸರಪಳಿಯನ್ನು ಎಳೆದು ಬಿಗಿಯಾಗಿಡುತ್ತದೆ. ಒಳಗಿರುವ ಸ್ಪ್ರಿಂಗು ತೋಳನ್ನು ಸದಾ ಹೊರಕ್ಕೆ, ಅಂದರೆ ಚಿಕ್ಕ ಹಲ್ಲುಗಾಲಿಯ ಕಡೆಗೆ ತಳ್ಳುತ್ತಿರುತ್ತದೆ. ಹ್ಯಾಂಡಲ್ ಮೇಲಿನ ಸನ್ನೆಯಿಂದ ಬರುವ ತಂತಿ ಅದನ್ನು ಒಳಕ್ಕೆ, ದೊಡ್ಡ ಹಲ್ಲುಗಾಲಿಯ ಕಡೆಗೆ ಎಳೆಯುತ್ತದೆ. ತಂತಿ ಎಳೆದರೆ ಏರುತ್ತದೆ, ತಂತಿ ಬಿಟ್ಟರೆ ಸ್ಪ್ರಿಂಗಿನಿಂದ ಇಳಿಯುತ್ತದೆ. ಈ ಎರಡು ಬಲಗಳ ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಇದರ ಸೂಕ್ಷ್ಮತೆ ಎಷ್ಟೆಂಬುದಕ್ಕೆ ಒಂದು ಅಳತೆ ಹೇಳಬೇಕು. ಶಿಮಾನೊದ ಎಂಟು ಹಲ್ಲುಗಾಲಿಗಳ ವ್ಯವಸ್ಥೆಯಲ್ಲಿ ಒಂದು ಹಲ್ಲುಗಾಲಿಯ ಮಧ್ಯದಿಂದ ಮುಂದಿನದರ ಮಧ್ಯಕ್ಕೆ ಸುಮಾರು 4.8 ಮಿಲಿಮೀಟರ್ ಅಂತರ. ಅಷ್ಟು ಸರಿಯಲು ಸನ್ನೆ ಒಮ್ಮೆ 'ಟಿಕ್' ಎಂದಾಗ ಎಳೆಯುವ ತಂತಿ ಸುಮಾರು 2.8 ಮಿಲಿಮೀಟರ್ ಮಾತ್ರ. ಅಂದರೆ ತಂತಿಯಲ್ಲಿ ಒಂದು ಮಿಲಿಮೀಟರ್ ಸಡಿಲಿದ್ದರೆ ತೋಳು ತನ್ನ ಸ್ಥಾನಕ್ಕೆ ಮೂರನೆಯ ಒಂದು ಭಾಗದಷ್ಟು ಹಿಂದೆ ಉಳಿಯುತ್ತದೆ. ಏಳು ಗಾಲಿಗಳದರಲ್ಲಿಯೂ ಅಂತರ ಹೆಚ್ಚುಕಡಿಮೆ ಇಷ್ಟೇ. ಕಣ್ಣಂದಾಜಿನಲ್ಲಿ ತಂತಿ ಕಟ್ಟಿ ಕಳುಹಿಸಿದ ಸೈಕಲ್ಲು ಕಟಕಟಿಸುವುದರಲ್ಲಿ ಆಶ್ಚರ್ಯವೇನಿದೆ?

ಕೆಲಸಕ್ಕೆ ಬೇಕಾದುದು 5 ಮಿಲಿಮೀಟರಿನ ಒಂದು ಅಲೆನ್ ಕೀ, ಒಂದು ಸ್ಕ್ರೂಡ್ರೈವರ್, ತಂತಿ ಕತ್ತರಿಸಲು ಹರಿತವಾದ ಕಟಿಂಗ್ ಪ್ಲೇಯರ್, ಒಂದಿಷ್ಟು ಗ್ರೀಸು. ಹಿಂದಿನ ಗಾಲಿ ನೆಲದಿಂದ ಮೇಲಕ್ಕಿರಬೇಕು. ತೊಲೆಗೋ ಜಂತಿಗೋ ಹಗ್ಗ ಇಳಿಬಿಟ್ಟು ಸೀಟನ್ನು ತೂಗುಹಾಕಿದರೆ ಸಾಕು. ಸೈಕಲ್ಲನ್ನು ತಲೆಕೆಳಗು ಮಾಡುವುದು ನಮಗೆ ಒಪ್ಪಿಗೆಯಿಲ್ಲ, ಹ್ಯಾಂಡಲ್ ಮೇಲಿನ ಸನ್ನೆಗಳು ಕೆಡುತ್ತವೆ. ಪೆಡಲ್ ತಿರುಗುವಾಗ ಚಿಕ್ಕ ಮಕ್ಕಳ ಬೆರಳು, ಸೀರೆಯ ಸೆರಗು, ಧೋತರದ ಅಂಚು ಸರಪಳಿಯ ಹತ್ತಿರ ಸುಳಿಯದಂತೆ ನೋಡಿಕೊಳ್ಳಬೇಕು.

ಕ್ರಮ

ವ್ಯಾಕರಣಪಾಠ ಮಾಡಿದವರಿಗೆ ಕ್ರಮದ ಮಹತ್ವವನ್ನು ಹೇಳಬೇಕಾಗಿಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಕೊನೆಯ ಮೂರು ಪಾದಗಳಲ್ಲಿ ಬರುವ ಸೂತ್ರಗಳ ಕಾರ್ಯವು ಅವಕ್ಕಿಂತ ಹಿಂದಿನ ಸೂತ್ರಗಳ ಪಾಲಿಗೆ ನಡೆದೇ ಇಲ್ಲವೆಂದು ಲೆಕ್ಕ. ಅಲ್ಲಿ ಸೂತ್ರದ ಸ್ಥಾನ ತಪ್ಪಿದರೆ ರೂಪಸಿದ್ಧಿ ಕೆಡುತ್ತದೆ. ಡಿರೇಲರಿನ ವಿಷಯವೂ ಅಂಥದೇ. ನಂತರದ ಹೊಂದಾಣಿಕೆಯಿಂದ ಹಿಂದಿನ ಹೊಂದಾಣಿಕೆಯ ದೋಷವನ್ನು ಮುಚ್ಚಲು ಹೊರಟರೆ ಎರಡೂ ಕೆಡುತ್ತವೆ.

ಎಲ್ಲಕ್ಕೂ ಮೊದಲು ನೋಡಬೇಕಾದದ್ದು ಹ್ಯಾಂಗರ್, ಅಂದರೆ ಯಂತ್ರ ತೂಗುಬಿದ್ದಿರುವ ಲೋಹದ ಕಿವಿ. ಅಲ್ಯೂಮಿನಿಯಂ ಚೌಕಟ್ಟಿನ ಸೈಕಲ್ಲಿನಲ್ಲಿ ಇದು ಬೇಕೆಂದಾಗ ಬದಲಿಸಬಹುದಾದ ಒಂದು ಬಿಡಿಭಾಗ. ಅಗ್ಗದ ಉಕ್ಕಿನ ಸೈಕಲ್ಲಿನಲ್ಲಿ ಹಿಂದಿನ ಗಾಲಿಯ ಅಚ್ಚಿನ ನಟ್ಟಿನ ಕೆಳಗೆ ಹಿಡಿದಿರುವ ಒಂದು ಪಟ್ಟಿ. ಸೈಕಲ್ಲಿನ ಹಿಂದೆ ಕುಳಿತು ನೇರವಾಗಿ ನೋಡಿದರೆ ಎರಡು ರಾಟೆಗಳೂ ಒಂದರ ಕೆಳಗೊಂದು ಲಂಬವಾಗಿ, ಹಲ್ಲುಗಾಲಿಗಳಿಗೆ ಸಮಾಂತರವಾಗಿ ಕಾಣಬೇಕು. ಕೆಳಗಿನ ರಾಟೆ ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆಯೆಂದು ತಿಳಿಯಬೇಕು. ಬಾಗಿದ ಹ್ಯಾಂಗರಿನ ಮೇಲೆ ಯಾವ ತಿರುಪನ್ನು ತಿರುಗಿಸಿದರೂ ಫಲವಿಲ್ಲ. ಒಂದು ಗೇರು ಸರಿಹೋದರೆ ಇನ್ನೊಂದು ಕೆಡುತ್ತದೆ. ಉಕ್ಕಿನದಾದರೆ ಬಲ್ಲವರಿಂದ ನೆಟ್ಟಗೆ ಮಾಡಿಸಬಹುದು. ಅಲ್ಯೂಮಿನಿಯಂ ಬಾಗಿಸಿ ತಿದ್ದಿದಷ್ಟೂ ಬಲಗುಂದುತ್ತದೆ. ಹೊಸದನ್ನು ಹಾಕಿಸುವುದೇ ಲೇಸು. ಹಿಂದಿನ ಗಾಲಿ ತನ್ನ ತೋಡಿನಲ್ಲಿ ಪೂರ್ತಿ ಕುಳಿತಿದೆಯೇ, ನಟ್ಟುಗಳು ಬಿಗಿಯಾಗಿವೆಯೇ ಎಂಬುದನ್ನೂ ಈಗಲೇ ನೋಡಿಬಿಡಬೇಕು. ಗಾಲಿಯೇ ಓರೆಯಾಗಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಯಂತ್ರದ ಬೋಲ್ಟಿನ ಮರೆಗೆ ತುಸು ಗ್ರೀಸು ಹಚ್ಚಿ, ಕೈಯಿಂದಲೇ ಕೆಲವು ಸುತ್ತು ನೇರವಾಗಿ ಹತ್ತಿದ ಮೇಲೆ ಅಲೆನ್ ಕೀಯಿಂದ ಬಿಗಿಯಬೇಕು. ಓರೆಯಾಗಿ ಹತ್ತಿಸಿ ಬಲ ಹಾಕಿದರೆ ಹ್ಯಾಂಗರಿನ ಮರೆ ತಿಂದುಹೋಗುತ್ತದೆ. ಯಂತ್ರದ ಹಿಂಬದಿಯಲ್ಲಿ ಒಂದು ಪುಟ್ಟ ಚಾಚು ಇರುತ್ತದೆ. ಅದು ಹ್ಯಾಂಗರಿನ ಹಿಂಭಾಗದಲ್ಲಿರುವ ತಡೆಯ ಹಿಂದೆ ಕುಳಿತುಕೊಳ್ಳಬೇಕೇ ಹೊರತು ಅದರ ಮೇಲೆ ಸಿಕ್ಕಿ ನುಜ್ಜಾಗಬಾರದು.

ಸರಪಳಿ ಹೊಸದಾದರೆ ಅದರ ಉದ್ದವನ್ನು ಹೀಗೆ ನಿಶ್ಚಯಿಸಬೇಕು. ಯಂತ್ರದೊಳಗೆ ಹಾಯಿಸದೆ, ಮುಂದಿನ ಅತಿ ದೊಡ್ಡ ಹಲ್ಲುಗಾಲಿಗೂ ಹಿಂದಿನ ಅತಿ ದೊಡ್ಡ ಹಲ್ಲುಗಾಲಿಗೂ ಸುತ್ತಿಸಿ, ತುದಿಗಳು ಕೂಡುವಲ್ಲಿಗೆ ಒಂದು ಇಂಚು, ಅಂದರೆ ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿ, ಹೆಚ್ಚಿಗೆ ಬಿಡಬೇಕು. ಗಿಡ್ಡ ಸರಪಳಿ ದೊಡ್ಡದರಿಂದ ದೊಡ್ಡದಕ್ಕೆ ಹೋದಾಗ ಯಂತ್ರವನ್ನೇ ಕಿತ್ತುಬಿಡುತ್ತದೆ. ಹಾಯಿಸುವಾಗ ಸರಪಳಿ ಮೇಲಿನ ರಾಟೆಯ ಮುಂಬದಿಯಿಂದ ಇಳಿದು ಕೆಳಗಿನ ರಾಟೆಯ ಹಿಂಬದಿಯನ್ನು ಸುತ್ತಿ ಮುಂದಕ್ಕೆ ಹೋಗಬೇಕು. ತೋಳಿನ ನಡುವೆ ಒಂದು ಚಿಕ್ಕ ನಾಲಗೆಯಂಥ ತಡೆಯಿರುತ್ತದೆ. ಸರಪಳಿ ಅದರ ತಪ್ಪು ಪಕ್ಕದಲ್ಲಿ ಹಾದರೆ ಉಜ್ಜುವ ಸದ್ದು ಬರುತ್ತಲೇ ಇರುತ್ತದೆ. ಕಾರಣ ಹುಡುಕಿ ಹುಡುಕಿ ಜನ ಬೇಸರಪಡುತ್ತಾರೆ.

ಇನ್ನು ಎಲ್ಲೆಯ ಮಾತು. ಯಂತ್ರದ ಮೈಮೇಲೆ ಅಕ್ಕಪಕ್ಕದಲ್ಲೋ ಒಂದರ ಮೇಲೊಂದೋ ಎರಡು ಪುಟ್ಟ ತಿರುಪುಗಳಿವೆ. ಒಂದರ ಬಳಿ 'ಎಚ್', ಇನ್ನೊಂದರ ಬಳಿ 'ಎಲ್' ಎಂಬ ಇಂಗ್ಲಿಷ್ ಅಕ್ಷರ ಅಚ್ಚಾಗಿರುತ್ತದೆ. 'ಎಚ್' ಎಂಬುದು ಹೊರ ಎಲ್ಲೆ, ಚಿಕ್ಕ ಹಲ್ಲುಗಾಲಿಯ ಕಡೆಯದು. 'ಎಲ್' ಎಂಬುದು ಒಳ ಎಲ್ಲೆ, ದೊಡ್ಡ ಹಲ್ಲುಗಾಲಿಯ ಕಡೆಯದು. ಎರಡನ್ನೂ ಬಲಕ್ಕೆ ತಿರುಗಿಸಿದರೆ ಯಂತ್ರದ ಓಡಾಟ ಕುಗ್ಗುತ್ತದೆ, ಎಡಕ್ಕೆ ತಿರುಗಿಸಿದರೆ ಹಿಗ್ಗುತ್ತದೆ. ಇವು ಗೇರು ಬದಲಿಸುವ ತಿರುಪುಗಳಲ್ಲ. ಹೊಲದ ಬದುವಿನ ಕಲ್ಲುಗಳಿದ್ದಂತೆ. ನಡುವಿನ ಗೇರುಗಳು ಕಟಕಟಿಸಿದರೆ ಇವುಗಳನ್ನು ತಿರುಗಿಸಲು ಹೋಗುವವರಿದ್ದಾರೆ. ನಡುವಿನ ಗೇರುಗಳಿಗೂ ಈ ತಿರುಪುಗಳಿಗೂ ಏನೇನೂ ಸಂಬಂಧವಿಲ್ಲ.

ಹೊರ ಎಲ್ಲೆಯನ್ನು ತಂತಿ ಕಟ್ಟುವುದಕ್ಕೆ ಮೊದಲೇ ಹಾಕಬೇಕು. ತಂತಿಯಿಲ್ಲದಾಗ ಸ್ಪ್ರಿಂಗು ತೋಳನ್ನು ಪೂರ್ತಿ ಹೊರಕ್ಕೆ ತಂದಿರುತ್ತದೆ. ಹಿಂದಿನಿಂದ ನೋಡಿ, ಮೇಲಿನ ರಾಟೆಯ ಮಧ್ಯ ಅತಿ ಚಿಕ್ಕ ಹಲ್ಲುಗಾಲಿಯ ಹೊರ ಅಂಚಿನ ಕೆಳಗೆ ನೇರವಾಗಿ ಬರುವವರೆಗೆ 'ಎಚ್' ತಿರುಪನ್ನು ತಿರುಗಿಸಬೇಕು. ಹೆಚ್ಚು ಬಿಟ್ಟರೆ ಸರಪಳಿ ಹೊರಕ್ಕೆ ಜಾರಿ ಚೌಕಟ್ಟಿಗೂ ಹಲ್ಲುಗಾಲಿಗೂ ನಡುವೆ ಸಿಕ್ಕುತ್ತದೆ. ಕಡಿಮೆ ಬಿಟ್ಟರೆ ಚಿಕ್ಕ ಗಾಲಿಗೆ ಇಳಿಯುವುದೇ ಇಲ್ಲ.

ಒಳ ಎಲ್ಲೆಯ ವಿಷಯದಲ್ಲಿ ಅವಸರ ಸಲ್ಲದು. ಒಬ್ಬರು ಪೆಡಲನ್ನು ನಿಧಾನವಾಗಿ ಮುಂದಕ್ಕೆ ತಿರುಗಿಸುತ್ತಿರಲಿ. ಇನ್ನೊಬ್ಬರು ಯಂತ್ರದ ಮೈಯನ್ನು ಕೈಯಿಂದ ಮೆಲ್ಲಗೆ ಒಳಕ್ಕೆ ತಳ್ಳುತ್ತ ಸರಪಳಿಯನ್ನು ದೊಡ್ಡ ಹಲ್ಲುಗಾಲಿಯವರೆಗೆ ಏರಿಸಲಿ. ಮೇಲಿನ ರಾಟೆ ದೊಡ್ಡ ಹಲ್ಲುಗಾಲಿಯ ನಟ್ಟನಡುವಿನ ಕೆಳಗೆ ಬಂದು ಅಲ್ಲಿಯೇ ನಿಲ್ಲಬೇಕು. ಅಲ್ಲಿಂದ ಇನ್ನಷ್ಟು ಒತ್ತಿ ತಳ್ಳಿದರೂ ಕೂದಲೆಳೆಯಷ್ಟು ಸಹ ಕಡ್ಡಿಗಳ ಕಡೆಗೆ ಸರಿಯಬಾರದು. ಸರಿದರೆ 'ಎಲ್' ತಿರುಪನ್ನು ಕಾಲು ಕಾಲು ಸುತ್ತು ಬಲಕ್ಕೆ ತಿರುಗಿಸುತ್ತ ಮತ್ತೆ ಮತ್ತೆ ತಳ್ಳಿ ನೋಡಬೇಕು. ಸರಪಳಿ ದೊಡ್ಡ ಗಾಲಿಯನ್ನು ಏರಲೇ ಒಲ್ಲದಿದ್ದರೆ ಕಾಲು ಸುತ್ತು ಎಡಕ್ಕೆ. ಹೊಸ ಸೈಕಲ್ಲನ್ನು ಅಂಗಡಿಯಿಂದ ತರುವಾಗ ಬೇರೇನನ್ನೂ ಪರೀಕ್ಷಿಸದಿದ್ದರೂ ಚಿಂತೆಯಿಲ್ಲ, ಇದೊಂದನ್ನು ತಂದೆತಾಯಿಗಳು ಅಲ್ಲಿಯೇ ನಿಂತು ಮಾಡಿಸಿ ನೋಡಬೇಕೆಂಬುದು ನಮ್ಮ ಆಗ್ರಹ. ಅಂಗಡಿಯವರು ಗೊಣಗಿದರೆ ಗೊಣಗಲಿ.

ಎಲ್ಲೆಗಳು ನಿಂತ ಮೇಲೆ ತಂತಿಯ ಸರದಿ. ಸರಪಳಿ ಅತಿ ಚಿಕ್ಕ ಹಲ್ಲುಗಾಲಿಯ ಮೇಲಿರಲಿ. ಹ್ಯಾಂಡಲ್ ಮೇಲಿನ ಬಲಗಡೆಯ ಸನ್ನೆಯೂ ಅತಿ ದೊಡ್ಡ ಅಂಕೆಯಲ್ಲಿರಲಿ, ಏಳು ಗೇರಿನದಾದರೆ 7ರಲ್ಲಿ. ಹಿಂದೆ ಚಿಕ್ಕ ಗಾಲಿಗೆ ಸನ್ನೆಯಲ್ಲಿ ದೊಡ್ಡ ಅಂಕೆ ಎಂಬುದು ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ತಂತಿಯ ಹೊದಿಕೆ ಯಂತ್ರವನ್ನು ಸೇರುವಲ್ಲಿ ಬೆರಳಿನಿಂದ ತಿರುಗಿಸಬಹುದಾದ ಒಂದು ಅಡ್ಜಸ್ಟರ್ ಇರುತ್ತದೆ. ಕೆಲವು ಸೈಕಲ್ಲುಗಳಲ್ಲಿ ಅದು ಹ್ಯಾಂಡಲ್ ಬಳಿಯಿರುತ್ತದೆ, ಕೆಲವುಗಳಲ್ಲಿ ಎರಡೂ ಕಡೆ. ಅದನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಒಂದೆರಡು ಸುತ್ತು ಹೊರಕ್ಕೆ ತರಬೇಕು. ಮುಂದೆ ಎರಡೂ ಕಡೆಗೆ ತಿದ್ದಲು ಎಡೆಯಿರಲೆಂದು. ಆಮೇಲೆ ತಂತಿಯನ್ನು ಕೈಯಿಂದ ಬಿಗಿಯಾಗಿ ಎಳೆದು, ಬೋಲ್ಟಿನ ಕೆಳಗಿನ ತೋಡಿನಲ್ಲಿಯೇ ಕೂರಿಸಿ ಬಿಗಿಯಬೇಕು. ತೋಡನ್ನು ಬಿಟ್ಟು ಬೋಲ್ಟಿನ ಇನ್ನೊಂದು ಪಕ್ಕದಲ್ಲಿ ಹಿಡಿಸಿದರೆ ಎಳೆತದ ಪ್ರಮಾಣವೇ ಬದಲಾಗಿ ಯಾವ ಗೇರೂ ಕೂಡಿಬರುವುದಿಲ್ಲ. ಹೊಸ ತಂತಿಯಾದರೆ ಚೌಕಟ್ಟಿನ ಉದ್ದಕ್ಕೆ ಹಾಯ್ದಿರುವ ಭಾಗವನ್ನು ಒಂದೆರಡು ಸಲ ಜಗ್ಗಿದರೆ ಹೊದಿಕೆಯ ತುದಿಗಳು ತಮ್ಮ ಸ್ಥಾನದಲ್ಲಿ ಕೂರುತ್ತವೆ. ಆಗ ಕಂಡುಬರುವ ಸಡಿಲನ್ನು ತೆಗೆದು ಮತ್ತೆ ಬಿಗಿಯಬೇಕು. ತುದಿಯನ್ನು ಮೂರು ನಾಲ್ಕು ಸೆಂಟಿಮೀಟರ್ ಬಿಟ್ಟು ಕತ್ತರಿಸಿ, ಎಳೆ ಬಿಚ್ಚದಂತೆ ಪುಟ್ಟ ಟೋಪಿ ಹಾಕಿ ಅದುಮುವುದನ್ನು ಮರೆಯಬಾರದು.

ಮುಂದಿನದು ಕಿವಿಯ ಕೆಲಸ. ಪೆಡಲ್ ತಿರುಗಿಸುತ್ತ ಸನ್ನೆಯನ್ನು ಒಂದೇ ಒಂದು 'ಟಿಕ್' ಒತ್ತಿ. ಸರಪಳಿ ಎರಡನೆಯ ಹಲ್ಲುಗಾಲಿಗೆ ಏರದಿದ್ದರೆ ಅಥವಾ ಏರಲು ತಡಮಾಡಿದರೆ ತಂತಿ ಸಡಿಲವೆಂದು ಅರ್ಥ. ಅಡ್ಜಸ್ಟರನ್ನು ಅರ್ಧ ಸುತ್ತು ಎಡಕ್ಕೆ, ಅಂದರೆ ಹೊರಕ್ಕೆ ಬಿಚ್ಚುವಂತೆ, ತಿರುಗಿಸಬೇಕು. ಎರಡನ್ನು ಹಾರಿ ಮೂರನೆಯದಕ್ಕೆ ಹೋದರೆ ಅಥವಾ ಮೂರನೆಯದಕ್ಕೆ ತಾಗಿ ಸದ್ದು ಮಾಡಿದರೆ ತಂತಿ ಬಿಗಿಯಾಯಿತು, ಬಲಕ್ಕೆ ತಿರುಗಿಸಬೇಕು. ನಂತರ ಕಾಲು ಸುತ್ತುಗಳ ಲೆಕ್ಕದಲ್ಲಿ ತಿದ್ದುತ್ತ ಎಲ್ಲ ಗೇರುಗಳನ್ನೂ ಏರಿಸಿ ಇಳಿಸಿ ನೋಡಬೇಕು. ಹೊಂದಿಕೊಂಡ ಗೇರಿನ ಸದ್ದು ಹಸಿ ದಾರ ಸುತ್ತುವ ರಾಟೆಯ ಸದ್ದಿನಂತೆ ಒಂದೇ ಸಮನೆ ಇರುತ್ತದೆ. ಒಮ್ಮೆ ಕೇಳಿದ ಕಿವಿ ಮತ್ತೆ ಮೋಸಹೋಗುವುದಿಲ್ಲ.

ಯಂತ್ರದ ಹಿಂಬದಿಯಲ್ಲಿ ಹ್ಯಾಂಗರಿಗೆ ಒತ್ತಿಕೊಂಡಿರುವ ಮೂರನೆಯದೊಂದು ತಿರುಪುಂಟು. 'ಬಿ' ತಿರುಪೆಂದು ಅದರ ಹೆಸರು. ಕೆಲವು ಅಗ್ಗದ ಮಾದರಿಗಳಲ್ಲಿ ಇದು ಇರುವುದೇ ಇಲ್ಲ. ಸರಪಳಿ ದೊಡ್ಡ ಹಲ್ಲುಗಾಲಿಯ ಮೇಲಿರುವಾಗ ಅದರ ಹಲ್ಲುಗಳಿಗೂ ಮೇಲಿನ ರಾಟೆಗೂ ನಡುವೆ ಐದಾರು ಮಿಲಿಮೀಟರ್ ಅಂತರವಿರುವಂತೆ ಇದನ್ನಿಟ್ಟರೆ ಸಾಕು.

ಮತ್ತೆ ಕೆಡುವುದೇಕೆ

ಎಷ್ಟೇ ಚೆನ್ನಾಗಿ ಹೊಂದಿಸಿದರೂ ಮೊದಲ ಒಂದೆರಡು ವಾರಗಳಲ್ಲಿ ತಂತಿ ಮತ್ತು ಹೊದಿಕೆ ಇನ್ನಷ್ಟು ಕುಳಿತು ಸಡಿಲ ಕಾಣುತ್ತದೆ. ಇದು ಸಹಜ. ಅಡ್ಜಸ್ಟರಿನ ಒಂದು ಅರ್ಧ ಸುತ್ತಿನಲ್ಲಿ ಮುಗಿಯುವ ಈ ಕೆಲಸಕ್ಕೆ ಎಲ್ಲೆಯ ತಿರುಪುಗಳನ್ನು ಮುಟ್ಟುವ ಕಾರಣವಿಲ್ಲ. ಏರುವಾಗ ತಡ, ಇಳಿಯುವಾಗ ಸಲೀಸು ಎಂದಾದರೆ ತಂತಿ ಸಡಿಲ. ಇಳಿಯುವಾಗ ಮಾತ್ರ ತಡವಾದರೆ ಒಂದೋ ತಂತಿ ಅತಿ ಬಿಗಿ, ಇಲ್ಲವೆ ಹೊದಿಕೆಯೊಳಗೆ ಕೊಳೆ ತುಂಬಿ ಸ್ಪ್ರಿಂಗಿನ ಬಲಕ್ಕೆ ತಂತಿ ಜಾರುತ್ತಿಲ್ಲ. ನಮ್ಮ ಉತ್ತರದ ಎರೆಭೂಮಿಯಲ್ಲಿ ಬೇಸಿಗೆಯ ಧೂಳೂ ಮಳೆಗಾಲದ ಕೆಸರೂ ಹಿಂದಿನ ಗಾಲಿಯ ಬಳಿ ಬಾಗಿರುವ ಹೊದಿಕೆಯ ಕೊನೆಯ ತುಂಡಿನಲ್ಲಿ ಸೇರಿಕೊಳ್ಳುತ್ತವೆ. ಅಡ್ಜಸ್ಟರನ್ನು ಎಷ್ಟು ತಿರುಗಿಸಿದರೂ ಅದು ಸರಿಹೋಗದು. ಆ ತುಂಡನ್ನೂ ತಂತಿಯನ್ನೂ ಬದಲಿಸಬೇಕು. ಇವೆರಡರ ಬೆಲೆ ಇಡೀ ಯಂತ್ರದ ಬೆಲೆಯ ಒಂದು ಅಲ್ಪ ಭಾಗ. ತಂತಿ ಬದಲಿಸಬೇಕಾದಲ್ಲಿ ಯಂತ್ರವನ್ನೇ ಬದಲಿಸಿ ಹಣ ಪಡೆಯುವುದು ಅಲ್ಲಲ್ಲಿ ನಡೆದೇ ಇದೆ. ತಿಳಿದ ಗಿರಾಕಿಯ ಮುಂದೆ ಅದು ನಡೆಯುವುದಿಲ್ಲ.

ವಿಜಯಪುರ, ಬಾಗಲಕೋಟೆಯ ಕಡೆಯವರು ಸೈಕಲ್ ಸ್ಪರ್ಧಾಳುಗಳಿಗೆ ಹೆಸರಾದವರು. ಅಲ್ಲಿನ ಹೆದ್ದಾರಿಗಳ ಅಂಚಿನಲ್ಲಿ ನಸುಕಿನಲ್ಲೇ ಅಭ್ಯಾಸಕ್ಕೆ ಹೊರಟ ಹಳ್ಳಿಯ ಹುಡುಗ ಹುಡುಗಿಯರನ್ನು ನಾವು ನೋಡಿದ್ದೇವೆ. ಅವರು ಗೇರು ಬದಲಿಸುವ ಕ್ಷಣವನ್ನು ಗಮನಿಸಬೇಕು. ಪೆಡಲ್ ನಿಲ್ಲುವುದಿಲ್ಲ, ಆದರೆ ಕಾಲಿನ ಒತ್ತಡ ಒಂದು ಕ್ಷಣ ಹಗುರಾಗುತ್ತದೆ. ಏರು ಶುರುವಾಗುವುದಕ್ಕೆ ಮೊದಲೇ ಸನ್ನೆ ಒತ್ತಿಯಾಗಿರುತ್ತದೆ. ಮನೆಯ ಮಕ್ಕಳಿಗೂ ಇದನ್ನೇ ಕಲಿಸಬೇಕು. ಏರಿನ ನಡುವೆ ಎದ್ದುನಿಂತು ಪೂರ್ತಿ ಭಾರ ಹಾಕಿ ತುಳಿಯುತ್ತ ಗೇರು ಬದಲಿಸಿದರೆ ಸರಪಳಿಯ ಮೇಲೆ ಬೀಳುವ ಬಲಕ್ಕೆ ಕೊಂಡಿ ಕಿತ್ತುಹೋಗಲೂಬಹುದು. ನಿಂತ ಸೈಕಲ್ಲಿನಲ್ಲಿ ಸನ್ನೆಯನ್ನು ಟಿಕ್ ಟಿಕ್ ಎನಿಸುತ್ತ ಆಡುವುದು ತಮ್ಮಂದಿರಿಗೂ ತಂಗಿಯರಿಗೂ ಬಲು ಪ್ರಿಯವಾದ ಆಟ. ಅದನ್ನು ತಪ್ಪಿಸಬೇಕು, ಅಣ್ಣ ಮರುದಿನ ಹತ್ತಿ ತುಳಿದ ಕೂಡಲೆ ಸರಪಳಿ ಒಮ್ಮೆಗೇ ನಾಲ್ಕು ಗಾಲಿ ಹಾರಲು ಹೋಗಿ ಸಿಕ್ಕಿಬೀಳುತ್ತದೆ. ಮುಂದೆ ದೊಡ್ಡದು ಹಿಂದೆಯೂ ದೊಡ್ಡದು, ಮುಂದೆ ಚಿಕ್ಕದು ಹಿಂದೆಯೂ ಚಿಕ್ಕದು, ಹೀಗೆ ಸರಪಳಿ ತೀರ ಓರೆಯಾಗುವ ಜೋಡಿಗಳನ್ನೂ ಬಿಡುವುದು ಒಳಿತು.

ಹ್ಯಾಂಗರ್ ಬಾಗುವುದು ಬಹುಮಟ್ಟಿಗೆ ಓಡಿಸುವಾಗಲ್ಲ, ನಿಲ್ಲಿಸಿದಾಗ ಮತ್ತು ಸಾಗಿಸುವಾಗ. ಯಂತ್ರವಿರುವುದು ಸೈಕಲ್ಲಿನ ಬಲಮಗ್ಗುಲಲ್ಲಿ. ಶಾಲೆಯ ಗೋಡೆಗೆ ಆನಿಸಿ ನಿಲ್ಲಿಸಿದ ಸಾಲಿನಲ್ಲಿ ಒಂದು ಬಲಕ್ಕೆ ಉರುಳಿದರೆ ಉಳಿದವೂ ಅದರ ಹಿಂದೆ ಉರುಳುತ್ತವೆ. ಪ್ರತಿಯೊಂದರ ಯಂತ್ರವೂ ನೆಲಕ್ಕೆ ಒತ್ತುತ್ತದೆ. ನಮ್ಮ ಪ್ರಸಾದನಿಲಯದಲ್ಲಿ ಗೇರ್ ಸೈಕಲ್ಲುಗಳಿಗೆಂದೇ ಗೋಡೆಯ ಎಡಭಾಗದಲ್ಲಿ ಬೇರೆ ಸಾಲು ಮಾಡಿಸಿ, ಎಡಮಗ್ಗುಲೇ ಗೋಡೆಗೆ ತಾಗುವಂತೆ ನಿಲ್ಲಿಸಲು ಹೇಳಿದ್ದೆವು. ಆ ವರ್ಷ ಒಂದೇ ಒಂದು ಹ್ಯಾಂಗರ್ ಬಾಗಿತು. ಟಂಟಂ ಗಾಡಿಯಲ್ಲೋ ಬಸ್ಸಿನ ಮೇಲೋ ಸೈಕಲ್ಲನ್ನು ಒಯ್ಯಬೇಕಾದಾಗ ಸರಪಳಿಯನ್ನು ದೊಡ್ಡ ಹಲ್ಲುಗಾಲಿಗೆ ಏರಿಸಿಟ್ಟರೆ ಯಂತ್ರ ಒಳಕ್ಕೆ ಸರಿದು ಮರೆಯಾಗಿರುತ್ತದೆ. ಆಮೇಲೆ ಎಡಮಗ್ಗುಲಾಗಿ ಮಲಗಿಸಬೇಕು. ಹ್ಯಾಂಗರುಗಳ ಆಕಾರ ಸೈಕಲ್ಲಿನಿಂದ ಸೈಕಲ್ಲಿಗೆ ಬೇರೆ. ಬದಲಿಸಬಹುದಾದ ಬಗೆಯದಾದರೆ, ಸೈಕಲ್ಲು ಕೊಳ್ಳುವ ದಿನವೇ ಅದೇ ಅಂಗಡಿಯಲ್ಲಿ ಅದಕ್ಕೆ ಹೊಂದುವ ಇನ್ನೊಂದನ್ನು ಕೇಳಿ ಪಡೆದು, ಅಲೆನ್ ಕೀಯೊಂದಿಗೆ ಒಂದು ಬಟ್ಟೆಯಲ್ಲಿ ಕಟ್ಟಿ ಮನೆಯ ಗೂಡಿನಲ್ಲಿಡುವುದು ಲೇಸು.